ಮೇಲಿನಿಂದ ಕಂಡ ಅಂಗಳ

ಆ ಚಿತ್ರವನ್ನು ಇಡಿಯಾಗಿ ನಾನು ಎಂದೂ ನೋಡಿಲ್ಲ. ಯಾರೂ ನೋಡಿಲ್ಲ. ಒಂದು ಊರಿನಷ್ಟು ಅಗಲದ ಚಿತ್ರ ಅದು, ನಮ್ಮ ಕಂಪ್ಯೂಟರಿನ ಪರದೆಯೋ ಒಂದು ಕಿಟಕಿಯಷ್ಟು. ಊರು ಪೂರ್ತಿ ಕಿಟಕಿಯೊಳಗೆ ಬರಬೇಕೆಂದರೆ ಮನೆಗಳು ಜೋಳದ ಕಾಳಾಗಬೇಕು, ಓಣಿಗಳು ದಾರದ ಎಳೆಯಾಗಬೇಕು, ಜನ ಇಲ್ಲವಾಗಬೇಕು. ಮನೆ ಮನೆಯಾಗಿ ಕಾಣಲಿ ಎಂದು ಹತ್ತಿರ ಹೋದರೆ ಉಳಿದ ಊರು ಪರದೆಯಿಂದ ಆಚೆ ಜಾರುತ್ತದೆ.

ಇದನ್ನು ಬರೆಯಲು ಕೂತಾಗಲೂ ಹಾಗೇ ಆಗುತ್ತಿದೆ. ದೂರದಿಂದ ಹೇಳಿದರೆ ಎರಡು ಸಾಲು: ಡ್ರೋನು ಬಂದು ಊರಿನ ಚಿತ್ರ ತೆಗೆಯಿತು, ಚಿತ್ರ ನೋಡಿ ನಕ್ಷೆ ಮಾಡಿದಾಗ ನನ್ನ ದೊಡ್ಡವ್ವನ ಅಂಗಳದ ಒಂದು ಪಟ್ಟಿ ಪಕ್ಕದಲ್ಲಿರುವ ಅವಳ ಮೈದುನನ ಮನೆಗೆ ಸೇರಿಹೋಯಿತು. ಊರಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ, ಹೇಳಿ ಎಲೆ ಅಡಿಕೆಗೆ ಕೈ ಚಾಚುತ್ತಾರೆ. ನನಗೆ ಅಷ್ಟು ಬೇಗ ಮುಗಿಸಲು ಆಗುವುದಿಲ್ಲ. ಅಷ್ಟು ಚೊಕ್ಕಟವಾಗಿ ನೆನಪಿರುವ ಯಾವುದನ್ನೂ ನಾನು ನಂಬುವುದಿಲ್ಲ, ನನ್ನದನ್ನು ಕೂಡ.

ನಾನು ಇಂಡಿ ಊರಿನವನು. ಕೆಲಸ ಸಿಂದಗಿಯಲ್ಲಿ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಆಚೆ, ಪೈಪು ಮತ್ತು ಮೋಟಾರು ಮಾರುವ ಅಂಗಡಿಯ ಮೇಲಿನ ಕೋಣೆ. ಹಳ್ಳಿಗಳ ಮೇಲೆ ಹಾರಿದ ಡ್ರೋನು ತೆಗೆದ ಫೋಟೋಗಳು ಅಲ್ಲಿಗೆ ಬರುತ್ತವೆ. ಒಂದರ ಅಂಚು ಇನ್ನೊಂದರ ಮೇಲೆ ಹೊಂದಿಸಿ, ಕೌದಿ ಹೊಲಿದ ಹಾಗೆ ಹೊಲಿದು ತಂತ್ರಾಂಶ ಅವನ್ನೆಲ್ಲ ಒಂದೇ ಚಿತ್ರ ಮಾಡುತ್ತದೆ. ಆಮೇಲೆ ಅದರ ಮೇಲೆ ನಾವು ಮೌಸ್ ಹಿಡಿದು ಮನೆ ಮನೆಗೂ ಗೆರೆ ಎಳೆಯುತ್ತೇವೆ. ಆ ಗೆರೆಗಳೇ ಮುಂದೆ ಜನರ ಆಸ್ತಿ ಕಾರ್ಡಿನ ಮೇಲೆ ಅಚ್ಚಾಗುತ್ತವೆ. ಪರದೆಗೆ ಬಿಸಿಲು ಹೊಡೆಯಬಾರದೆಂದು ಕಿಟಕಿಗೆ ಹಳೆಯ ಫ್ಲೆಕ್ಸ್ ಕಟ್ಟಿದ್ದೇವೆ. ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಆತ ತಲೆಕೆಳಗಾಗಿ ಕೈ ಮುಗಿಯುತ್ತ ದಿನವಿಡೀ ನಮ್ಮ ಕೆಲಸ ನೋಡುತ್ತಿರುತ್ತಾನೆ.

ಊರು ದೊಡ್ಡದಾದರೆ ಚಿತ್ರದ ಕಡತವೂ ದೊಡ್ಡದು. ಟಿಫ್ ಎನ್ನುವ ಹಳೆಯ ನಮೂನೆಯಲ್ಲಿ ಅದು ಹಿಡಿಸುವುದಿಲ್ಲ. ಹಿಡಿಸದ ಕಾರಣ ವಿಚಿತ್ರವಾದದ್ದು. ಚಿತ್ರವನ್ನು ಚೌಕ ಚೌಕವಾಗಿ ತುಂಡು ಮಾಡಿ ಇಟ್ಟಿರುತ್ತಾರೆ. ಯಾವ ಚೌಕ ಕಡತದೊಳಗೆ ಎಲ್ಲಿದೆ ಎಂದು ಬರೆದಿಡುವ ವಿಳಾಸಕ್ಕೆ ಹಳೆಯ ನಮೂನೆಯಲ್ಲಿ ಇಂತಿಷ್ಟೇ ಜಾಗ. ನಾಲ್ಕು ಜಿಬಿ ದಾಟಿತೋ, ಮುಂದಿನ ಚೌಕಕ್ಕೆ ವಿಳಾಸ ಬರೆಯಲು ಅಂಕಿಗಳೇ ಸಾಲುವುದಿಲ್ಲ. ವಿಳಾಸ ಇಲ್ಲದ್ದನ್ನು ಹೋಗಿ ಮುಟ್ಟುವುದು ಹೇಗೆ? ಅದಕ್ಕಾಗಿ ಬಿಗ್‌ಟಿಫ್ ಎಂಬ ಇನ್ನೊಂದು ನಮೂನೆ ಬಂತು. ಉಳಿದದ್ದನ್ನೆಲ್ಲ ಹೆಚ್ಚುಕಡಿಮೆ ಹಾಗೇ ಇಟ್ಟು, ವಿಳಾಸದ ಜಾಗವನ್ನು ಮಾತ್ರ ಎರಡು ಪಟ್ಟು ಅಗಲ ಮಾಡಿದರು. ಹಳೆಯ ಕಡತದ ಶುರುವಿನಲ್ಲಿ ಗುರುತಿಗಾಗಿ ನಲವತ್ತೆರಡು ಎಂಬ ಅಂಕಿ ಇರುತ್ತದೆ, ಹೊಸದರಲ್ಲಿ ನಲವತ್ತಮೂರು. ಹಳೆಯ ತಂತ್ರಾಂಶಗಳು ನಲವತ್ತಮೂರನ್ನು ಬಾಗಿಲಲ್ಲೇ ನೋಡಿ, ಇದು ನಮ್ಮವರದಲ್ಲ ಎಂದು ಹೊರಗೇ ನಿಲ್ಲಿಸುತ್ತವೆ.

ಇಷ್ಟು ದೊಡ್ಡದನ್ನು ಎಲ್ಲ ಕಡೆ ಹೊತ್ತು ತಿರುಗಲಾಗುವುದಿಲ್ಲ. ಮೂಲ ಚಿತ್ರ ಹಾರ್ಡ್ ಡಿಸ್ಕಿನಲ್ಲಿ, ಡಿಸ್ಕು ನಮ್ಮ ಯಜಮಾನರ ಬೀರುವಿನಲ್ಲಿ. ನಾವು ಗೆರೆ ಎಳೆಯುವುದು ಅದನ್ನು ಒತ್ತಿ ಹಗುರ ಮಾಡಿದ ಪ್ರತಿಯ ಮೇಲೆ. ಹಾಗೆ ಒತ್ತುವಾಗ, ನೋಡುವವರ ಕಣ್ಣಿಗೆ ಬೇಡವೆಂದು ಲೆಕ್ಕ ಹಾಕಿದ್ದನ್ನು ಯಂತ್ರ ಬಿಟ್ಟುಬಿಡುತ್ತದೆ. ಅಕ್ಕಪಕ್ಕದ ಎರಡು ಕಂದು ಬಣ್ಣಗಳ ನಡುವೆ ಕೂದಲೆಳೆಯ ವ್ಯತ್ಯಾಸವಿದ್ದರೆ ಎರಡನ್ನೂ ಒಂದೇ ಕಂದು ಮಾಡುತ್ತದೆ. ಬಹಳ ಸಲ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗಬಾರದೆಂದೇ ಅದನ್ನು ಮಾಡಿರುವುದು.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆ ಹೋಗುವ ದಾರಿಯಲ್ಲಿ, ಫಾಟಾದಲ್ಲಿ, ಅಂದರೆ ದಾರಿ ಕವಲಾಗುವಲ್ಲಿ, ಇಳಿದು ಒಳಗೆ ಹೋದರೆ ಅವಳ ಊರು. ಮಗ ಟೆಂಪೊ ಓಡಿಸುತ್ತಾನೆ. ಅವಳೂ ಸೊಸೆಯೂ, ಅಂದರೆ ನನ್ನ ವೈನಿಯೂ, ಖಡಕ್ ರೊಟ್ಟಿ ಮಾಡಿ ಬಾಗೇವಾಡಿ, ನಿಡಗುಂದಿಯ ಖಾನಾವಳಿಗಳಿಗೆ ಕಳಿಸುತ್ತಾರೆ. ರೊಟ್ಟಿಯ ಒಲೆಗಳು ಮನೆಯ ಪಡಸಾಲೆಯಲ್ಲೇ ಇವೆ. ಗೋಡೆ, ಜಂತಿ, ಗೋಡೆಯ ಮೇಲಿನ ದೇವರ ಫೋಟೋ ಎಲ್ಲ ಹೊಗೆ ಹಿಡಿದು ಕಪ್ಪಾಗಿವೆ. ವೈನಿ ಮಾತಾಡುವಾಗ ನಡುನಡುವೆ ಕೆಮ್ಮುತ್ತಾಳೆ. ಕೆಮ್ಮು ಈಗ ಅವಳ ಮಾತಿನ ಒಂದು ಭಾಗವೇ ಆಗಿದೆ. ಮನೆಯ ಪಡುವಣ ಗೋಡೆಗೂ ಮೈದುನನ ಮನೆಗೂ ನಡುವೆ ಬಯಲು ಜಾಗವಿದೆ. ಅದರಲ್ಲಿ ದೊಡ್ಡವ್ವನ ಪಾಲಿನ ಪಟ್ಟಿಗೆ ಮೇಲೆ ತಗಡು ಹಾಕಿ ಒಲೆಗಳನ್ನು ಅಲ್ಲಿಗೆ ಒಯ್ಯಬೇಕು ಎಂದು ನಿರ್ಧಾರವಾಗಿತ್ತು. ಡ್ರೋನು ಹಾರಿ ಹೋದ ಮೇಲೆ ಬುನಾದಿಯ ಕಲ್ಲು ಕೂಡ ತಂದು ಇಳಿಸಿದ್ದರು. ಹೋದದ್ದು ಅದೇ ಪಟ್ಟಿ.

ವೈನಿ ಫೋನ್ ಮಾಡಿದ್ದು ಕೆಲಸದ ನಡುವೆ.

"ತಮ್ಮಾರ, ನಮ್ಮ ಅಂಗಳ ಕಾಕಾರ ಮನಿಗೆ ಬಿದ್ದೈತ್ರಿ. ಪಂಚಾಯ್ತಿ ಗ್ವಾಡಿಗೆ ನಕ್ಷಾ ಹಚ್ಯಾರ. ನಮ್ಮ ಗ್ವಾಡಿಗೆ ತಾಗಿಸೇ ಗೆರಿ ಎಳದಾರ. ತಕರಾರ ಇದ್ರ ಕೊಡ್ರಿ ಅಂದಾರ. ಅದು ನಿಮ್ಮ ಸಿಂದಗ್ಯಾಗ ಎಳದ ಗೆರಿ ಅಂತಲ್ರಿ?"

ನಾನು ಏನೋ ಹೇಳುವಷ್ಟರಲ್ಲಿ ಫೋನು ದೊಡ್ಡವ್ವನ ಕೈಗೆ ಹೋಗಿತ್ತು.

"ತಮ್ಮಾ, ನಿಂದೇ ಮಿಷನ್ ಅಂತಲ್ಲೋ ಅದು. ಒಂದ ಚೂರ ಆಕಡೆ ಸರಸಿಬಿಡೋ."

"ಹಂಗ ಸರಸಾಕ ಬರೂದಿಲ್ಲ ದೊಡ್ಡವ್ವಾ."

"ಈಕಡೆ ಸರಸಾಕ ಹೆಂಗ ಬಂತು ಮತ್ತ?"

ಫೋನು ಇಟ್ಟು ಆ ಊರಿನ ನಕ್ಷೆ ತೆರೆದೆ.

ಆ ಊರಿಗೆ ಗೆರೆ ಎಳೆದವಳು ನನ್ನ ಪಕ್ಕದ ಕುರ್ಚಿಯ ಹುಡುಗಿ, ಮುದ್ದೇಬಿಹಾಳದವಳು. ನಮ್ಮ ಕೋಣೆಯಲ್ಲಿ ಅವಳಷ್ಟು ನೀಟಾಗಿ ಕೆಲಸ ಮಾಡುವವರು ಇಲ್ಲ. ಕರೆದು ತೋರಿಸಿದೆ. ಅವಳು ಕುರ್ಚಿಯನ್ನು ಹಾಗೇ ಉರುಳಿಸಿಕೊಂಡು ಬಂದಳು.

"ನಾ ಕಂಡದ್ದಕ್ಕ ಗೆರಿ ಎಳದೇನ್ರಿ ಸರ್. ಸುಣ್ಣ ಕಾಣ್ತು, ಸುಣ್ಣದ ಮ್ಯಾಲ ಹೋದೆ. ನೋಡ್ರಿ, ಆ ಬಾಜೂ ಮನಿಗೆ ಮೂರೂ ಕಡೆ ಸುಣ್ಣ ಐತಿ. ನಾಕನೇ ಕಡೆ ಇಲ್ಲ. ಬಯಲ್ನ್ಯಾಗ ಗೆರಿ ನಿಲ್ಲಸಾಕ ಆಗತೈತೇನು? ಮುಂದ ಏನು ಕಾಣತೈತಿ? ಗ್ವಾಡಿ. ನೀವಾದ್ರೂ ಇದನ್ನ ಮಾಡ್ತಿದ್ರಿ."

"ಹೌದು," ಅಂದೆ. ಮಾಡುತ್ತಿದ್ದೆ.

ಸುಣ್ಣದ ಮಾತು ಹೇಳಬೇಕು. ಡ್ರೋನು ಹಾರುವ ಹಿಂದಿನ ದಿನ ಪಂಚಾಯಿತಿಯವರು ಮನೆ ಮನೆಗೆ ಬಂದು, ಎರಡೂ ಕಡೆಯವರನ್ನು ಎದುರಿಗೆ ನಿಲ್ಲಿಸಿ, ಅವರು ತೋರಿಸಿದ ಗಡಿಯ ಮೇಲೆ ಸುಣ್ಣದ ಪುಡಿಯ ಬಿಳಿ ಗೆರೆ ಹಾಕುತ್ತಾರೆ. ಮೇಲಿನಿಂದ ಹಾರುವ ಯಂತ್ರಕ್ಕೆ ಗಡಿ ಗೊತ್ತಾಗುವುದು ಆ ಬಿಳಿಯಿಂದಲೇ. ದೊಡ್ಡವ್ವನ ಪಟ್ಟಿಗೂ ಹಾಕಿದ್ದರು. ಗಡಿ ಇಲ್ಲಿಂದ ಇಲ್ಲಿಗೆ ಎಂದು ಕಾಕಾನೇ ನಿಂತು, ಕಾಲಿನ ಹೆಬ್ಬೆರಳಿನಿಂದ ನೆಲ ಗೀರಿ ತೋರಿಸಿದ್ದನಂತೆ. ಕಾಕಾ ಎಂದರೆ ದೊಡ್ಡವ್ವನ ಮೈದುನ; ನಾನೂ ಹಾಗೇ ಕರೆಯುತ್ತೇನೆ. ಗೆರೆ ಅಳಿಸಬೇಡಿರಿ, ನಾಳೆ ಅಂಗಳ ಗುಡಿಸಬೇಡಿರಿ ಎಂದು ಸಂಜೆ ಡಂಗುರವೂ ಆಯಿತು. ಕಾಕಾನ ಹೆಂಡತಿ, ನಮ್ಮ ಕಾಕಿ, ಮರುದಿನ ಕಸಬರಿಗೆ ಮುಟ್ಟಲಿಲ್ಲ. ದೊಡ್ಡವ್ವ ಮುಟ್ಟಿದಳು.

ಫೋನು ಬಂದ ವಾರದ ರಜೆಯಲ್ಲಿ ನಾನು ಊರಿಗೆ ಹೋದೆ. ಪಡಸಾಲೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಮಾತಿಗೊಮ್ಮೆ ಬಡಿತ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

"ಡಂಗುರ ಕೇಳಿದ್ದಿಲ್ಲೇನು ದೊಡ್ಡವ್ವಾ?"

"ಕೇಳೇನೋ ಯಪ್ಪಾ. ಸರಕಾರ ಮುಗಲಿಂದ ಫೋಟೋ ತಗೀತೈತಿ ಅಂದ್ರು. ಊರ ಮಂದಿ ಅಂಗಳೆಲ್ಲಾ ಫೋಟೋದಾಗ ಬರೂದು, ನಂದೊಂದು ಕಸಾ ತುಂಬಕೊಂಡು ಬರ್ಲೇನು? ಥಳಿ ಹೊಡೀದ ಬಾಗಲಾ, ರಂಗೋಲಿ ಇಲ್ಲದ ಬಾಗಲಾ ಕಂಡ್ರ ಮನ್ಯಾಗ ಯಾರೋ ಸತ್ತಾರ ಅಂತಾರ. ಜೀವಂತ ಇದ್ದಾಕಿ ಹಂಗ ಫೋಟೋ ತಗಸಗೋಬೇಕೇನು?"

ಥಳಿ ಹೊಡೆಯುವುದು ಎಂದರೆ ಗುಡಿಸಿದ ಅಂಗಳಕ್ಕೆ ಸಗಣಿ ಕದಡಿದ ನೀರನ್ನು ಕೈಯಿಂದ ಚಿಮುಕಿಸುವುದು. ನಮ್ಮ ಕಡೆ ಬೆಳಗಾಗುವುದೇ ಆ ಸಪ್ಪಳದಿಂದ.

ಒಲೆಯ ಮುಂದಿನಿಂದ ವೈನಿ ಹೇಳಿದಳು, "ನನಗೂ ಎಬ್ಬಿಸಿದ್ರು ನೋಡ್ರಿ. ರಂಗೋಲಿ ದೊಡ್ಡದ ಹಾಕು, ಮ್ಯಾಲಿಂದ ಕಾಣಬೇಕು, ಚುಕ್ಕಿ ಕಳೀಬ್ಯಾಡ ಅಂತ." ಹೇಳಿ ನಕ್ಕಳು, ನಗು ಕೆಮ್ಮಾಯಿತು.

"ಡ್ರೋನ್ ಬಂದಾಗ ನೀ ಎಲ್ಲಿದ್ದಿ ದೊಡ್ಡವ್ವಾ?"

"ಅಂಗಳದಾಗ. ಸೆರಗ ಹೊತ್ತಗೊಂಡು ನಿಂತಿದ್ದೆ."

"ಎಲ್ಲಿ ನಿಂತಿದ್ರಿ ಅತ್ತಿ, ಹಿಟ್ಟ ಬೀಸಸಾಕ ಗಿರಣಿಗೆ ಹೋಗಿದ್ರಿ. ಬಂದ ಮ್ಯಾಲ ಎಲ್ಲಿ ಐತಿ ಅದು, ಹೋತೇನು ಅಂತ ಮುಗಲಾ ನೋಡಿದ್ರಿ."

"ನೀ ಸುಮ್ನಿರ, ನಾ ನಿಂತಿದ್ದೆ."

ಇಬ್ಬರಲ್ಲಿ ಯಾರು ಸರಿ ಎಂದು ನಾನು ತೀರ್ಮಾನ ಮಾಡುವುದಿಲ್ಲ. ಅವರಿಬ್ಬರೂ ಒಪ್ಪುತ್ತಿದ್ದುದು ಒಂದೇ ವಿಷಯಕ್ಕೆ. ದೊಡ್ಡವ್ವ ಆ ಬೆಳಿಗ್ಗೆ ಪಟ್ಟಿಯಲ್ಲಿ ಗಡಿಯ ತನಕ ಗುಡಿಸಿದ್ದಳು, ಗಡಿಯ ತನಕ ಥಳಿ ಹೊಡೆದಿದ್ದಳು. ಒಂದು ಹನಿ ಆಚೆ ಇಲ್ಲ. ಇನ್ನೊಬ್ಬರ ಅಂಗಳಕ್ಕೆ ಥಳಿ ಹೊಡೆದರೆ ಜಗಳ, ತನ್ನದನ್ನು ಒಣಗಲು ಬಿಟ್ಟರೆ ಅಪಶಕುನ. ಆ ಓಣಿಯ ಹೆಂಗಸರ ಕೈಗೆ ಗಡಿ ಗೊತ್ತಿರುವುದು ಹೀಗೆ. ಗುಡಿಸುವಾಗ ಸುಣ್ಣದ ಗೆರೆ ಕಸದ ಜೊತೆ ಹೋಗಿತ್ತು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಹೊಳೆಯಿತು. ಹಸಿಯಾದ ನೆಲ ಒಣ ನೆಲಕ್ಕಿಂತ ಕಪ್ಪಗಿರುತ್ತದೆ. ಡ್ರೋನು ಹಾರಿದ್ದು ಗಾಳಿ ಏಳುವ ಮುಂಚೆ, ಬೆಳಿಗ್ಗೆಯೇ. ಕಾಕಾನ ಕಡೆ ಆ ದಿನ ಯಾರೂ ನೀರು ಹಾಕಿರಲಿಲ್ಲ. ಹಾಗಾದರೆ ದೊಡ್ಡವ್ವ ಅಳಿಸಿದ ಗಡಿ ನೀರಿನ ಅಂಚಾಗಿ ಚಿತ್ರದಲ್ಲಿ ಇರಲೇಬೇಕು. ಹೂವಿನ ಹಿಪ್ಪರಗಿ ದಾಟುವವರೆಗೂ ನಾನು ಗೆದ್ದವನ ಹಾಗೆ ಕೂತಿದ್ದೆ. ಅಂಥ ಖುಷಿ ನನಗೆ ಆಮೇಲೆ ಆ ವಿಷಯದಲ್ಲಿ ಮತ್ತೆ ಆಗಲಿಲ್ಲ.

ನಮ್ಮ ಹಗುರ ಪ್ರತಿಯಲ್ಲಿ ಏನೂ ಇರಲಿಲ್ಲ. ಬೆಳಗಿನ ಬಿಸಿಲಿಗೆ ದೊಡ್ಡವ್ವನ ಮನೆಯ ನೆರಳು ಪಡುವಣಕ್ಕೆ, ಅದೇ ಪಟ್ಟಿಯ ಮೇಲೆ ಬಿದ್ದಿತ್ತು. ನೆರಳಿನ ಕಂದು, ನೀರಿನ ಕಂದು, ಮಣ್ಣಿನ ಕಂದು, ಮೂರನ್ನೂ ಯಂತ್ರ ಕಲಸಿ ಒಂದು ಮಾಡಿತ್ತು. ಅಂಚು ಎಂದು ಹೇಳುವಂಥದ್ದು ಎಲ್ಲೂ ಇಲ್ಲ. ಮೂಲ ಬೇಕು ಎಂದು ಯಜಮಾನರನ್ನು ಕೇಳಿದೆ. ಅವರು ಬೀರು ತೆಗೆದರು. "ನೋಡ್ಕೊಂಡು ತಂದಿಡು. ಕೆಳಗ ಬೀಳ್ಸಬ್ಯಾಡ," ಅಂದರು.

ಬಿಗ್‌ಟಿಫ್ ತೆರೆಯುವಾಗ ಊರು ಪೂರ್ತಿ ಒಮ್ಮೆಲೇ ಬರುತ್ತದೆ. ಬರುವುದು ಊರಲ್ಲ, ಕಡತದೊಳಗೆ ಮೊದಲೇ ಮಾಡಿಟ್ಟ ಸಣ್ಣ ಪ್ರತಿ. ಅದರ ಕೆಳಗೆ ಅದಕ್ಕಿಂತ ದೊಡ್ಡದು, ಅದರ ಕೆಳಗೆ ಇನ್ನೂ ದೊಡ್ಡದು, ಮೆಟ್ಟಿಲು ಮೆಟ್ಟಿಲಾಗಿ. ಒಂದೊಂದು ಮೆಟ್ಟಿಲು ಇಳಿದಾಗಲೂ ನಿಮಗೆ ಬೇಕಾದ ಚೌಕಗಳನ್ನಷ್ಟೇ ಅದು ತಂದು ಇಡುತ್ತದೆ, ಅಲ್ಲಿಯತನಕ ಮಸುಕು. ನಾನು ಇಳಿದೆ. ಮಸುಕು, ಚೌಕ, ಮಸುಕು, ಚೌಕ. ದೊಡ್ಡವ್ವನ ಬಾಗಿಲ ಮುಂದೆ ವೈನಿಯ ರಂಗೋಲಿ ಕಂಡಿತು. ಕಳೆದುಹೋದ ಚುಕ್ಕಿ ಒಂದೂ ಇರಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ, ಅದು ಸುಳ್ಳು. ಆ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ಮೂರು ಬೆರಳು ಅಗಲದ ನೆಲ. ರಂಗೋಲಿಯ ಚುಕ್ಕಿ ಹೇಗೆ ಕಂಡೀತು? ಬಿಳಿಯ ಹೂವಿನಂಥ ಒಂದು ಕಲೆ ಕಂಡಿತು, ಅಷ್ಟೇ.

ಅದರ ಎಡಕ್ಕೆ ಪಟ್ಟಿ. ಪಟ್ಟಿಯಲ್ಲಿ ಎರಡು ಅಂಚು. ಒಂದು ಮನೆಯ ನೆರಳಿನದು, ಹಗ್ಗ ಹಿಡಿದ ಹಾಗೆ ನೇರ. ಅದರಾಚೆ ಇನ್ನೊಂದು, ಅಷ್ಟು ಕಪ್ಪಲ್ಲ, ನೇರವೂ ಅಲ್ಲ. ಬಳೆಯ ತುಂಡುಗಳನ್ನು ಸಾಲಾಗಿ ಜೋಡಿಸಿದ ಹಾಗೆ ಸಣ್ಣ ಸಣ್ಣ ಕಮಾನು. ಕೈಯಿಂದ ನೀರು ಚಿಮ್ಮಿಸಿದಾಗ ನೆಲದ ಮೇಲೆ ಬೀಳುವ ಕಮಾನು.

ಮುದ್ದೇಬಿಹಾಳದ ಹುಡುಗಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಸರ್, ಇದು ನೆರಳಲ್ಲ."

"ಅಲ್ಲ."

"ನಮ್ಮವ್ವನೂ ಹಿಂಗ ಹೊಡಿತಾಳ್ರಿ." ಪರದೆಯಿಂದ ಹಿಂದೆ ಸರಿದಳು. "ಆದ್ರ ಇದರ ಮ್ಯಾಲ ಗೆರಿ ಎಳದ್ರ ಯಾವ ಹೆಸರ ಕೊಡೂದ್ರಿ? ಗ್ವಾಡಿ ಐತಿ, ಬೇಲಿ ಐತಿ, ಸುಣ್ಣ ಐತಿ. ಥಳಿ ಅಂತ ಇಲ್ಲಲ್ರಿ."

ಅವಳು ತಮಾಷೆ ಮಾಡಲಿಲ್ಲ. ನಮ್ಮ ತಂತ್ರಾಂಶದಲ್ಲಿ ಪ್ರತಿ ಗೆರೆಗೂ ಒಂದು ಹೆಸರು ಆರಿಸಲೇಬೇಕು, ಆರಿಸದೆ ಅದು ಮುಂದೆ ಬಿಡುವುದಿಲ್ಲ.

ತಕರಾರು ಕೇಳುವ ದಿನ ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಸರ್ವೆ ಕಚೇರಿಯಲ್ಲಿ ದೊಡ್ಡವ್ವ ಇಳಕಲ್ ಸೀರೆ ಉಟ್ಟು ಗೋಡೆಗೆ ಒರಗಿ ಕೂತಿದ್ದಳು. ವೈನಿ, ಕಾಕಾ ಆಗಲೇ ಬಂದಿದ್ದರು. ಕಾಕಾ ನನ್ನನ್ನು ನೋಡಿ ಚಹಾ ಆಯಿತೇ ಎಂದು ಕೇಳಿದ. ಮೂವರೂ ಅವನ ಬೈಕಿನಲ್ಲೇ ಬಂದಿದ್ದರು. ಜಗಳ ಎನ್ನುವಂಥದ್ದು ಅವರ ನಡುವೆ ಎಂದೂ ಆಗಲೇ ಇಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಸರ್ವೆ ಸಾಹೇಬರು ಒಳ್ಳೆಯವರು. ಡಿಸ್ಕನ್ನು ತಮ್ಮ ಕಂಪ್ಯೂಟರಿಗೇ ಹಾಕಿರಿ ಅಂದರು. ಹಾಕಿದೆ. ಅವರ ಯಂತ್ರದ ತಂತ್ರಾಂಶ ಹಳೆಯದು. ಕಡತದ ಬಾಗಿಲಲ್ಲಿ ನಲವತ್ತಮೂರು ನೋಡಿ, ಇದು ಚಿತ್ರವೇ ಅಲ್ಲ ಎಂದಿತು.

"ಚಿತ್ರನ ಅಲ್ಲ ಅನ್ನಾಕತ್ತೈತಲ್ರಿ," ಅಂದರು ಸಾಹೇಬರು.

"ನಂಬರ ಒಂದು ಹೆಚ್ಚಿಗಿ ಐತ್ರಿ, ಅದಕ್ಕ," ಅಂದೆ. ಹೇಳುವಾಗ ನನಗೇ ಅದು ಹುಚ್ಚುತನದ ಹಾಗೆ ಕೇಳಿಸಿತು.

ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೆ. ಎಲ್ಲರೂ ಸುತ್ತ ಬಂದು ನಿಂತರು. ಊರು ಬಂತು. ಆಮೇಲೆ ನಾನು ಯೋಚಿಸಿರದ ಒಂದು ಸಂಗತಿ ಆಯಿತು. ಎಲ್ಲರಿಗೂ ಊರನ್ನು ನೋಡುವ ಆಸೆ ಹುಟ್ಟಿತು. ಗುಡಿ ತೋರಿಸು, ಸಾಲಿ ತೋರಿಸು, ಬಾವಿ ಎಲ್ಲೈತಿ. ನಾನು ಪಟ್ಟಿಯ ಕಡೆ ಇಳಿಯುತ್ತಿದ್ದರೆ ಕಾಕಾ ಪರದೆಯ ಮೇಲೆ ಬೆರಳಿಟ್ಟ.

"ತಡಿ ತಡಿ, ನನ್ನ ಎಮ್ಮಿ! ಅಯ್ಯೋ, ಎರಡ ತಲಿ ಬಂದಾವಲ್ಲೋ ಇದಕ್ಕ!"

ನಿಜ. ಒಂದು ಫೋಟೋಕ್ಕೂ ಇನ್ನೊಂದಕ್ಕೂ ನಡುವೆ ಎಮ್ಮೆ ತಲೆ ತಿರುಗಿಸಿತ್ತು. ಹೊಲಿಗೆ ಅದರ ಕುತ್ತಿಗೆಯ ಮೇಲೆ ಹಾದುಹೋಗಿ ಎರಡೂ ತಲೆಗಳನ್ನು ಉಳಿಸಿಬಿಟ್ಟಿತ್ತು. ಕಚೇರಿಯ ಜವಾನನೂ ಓಡಿ ಬಂದು ನೋಡಿದ. ಎಲ್ಲರೂ ನಕ್ಕರು. ದೊಡ್ಡವ್ವನೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ನಗದವಳು ವೈನಿ ಒಬ್ಬಳೇ. "ಸಾಹೇಬ್ರ, ಎಮ್ಮಿಗೆ ಎರಡ ತಲಿ ತೋರ್ಸೂ ಫೋಟೋ ಗಡಿ ಖರೇ ತೋರ್ಸತೈತೇನ್ರಿ?"

"ಎಮ್ಮಿ ಅಳ್ಳಾಡತೈತವಾ, ಗ್ವಾಡಿ ಅಳ್ಳಾಡೂದಿಲ್ಲ."

ವೈನಿಗೆ ಕೆಮ್ಮು ಬಂತು. ಅವಳು ಹೊರಗೆ ಹೋದಳು.

ನಾನು ನೀರಿನ ಅಂಚು ತೋರಿಸಿದೆ. ನೆರಳಿನ ಅಂಚು ಬೇರೆ, ಇದು ಬೇರೆ ಎಂದು ಹೇಳಿದೆ. ಥಳಿಯ ಪದ್ಧತಿ ಹೇಳುವ ಅಗತ್ಯ ಇರಲಿಲ್ಲ. ಸಾಹೇಬರೂ ನಮ್ಮ ಕಡೆಯವರೇ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಕಾಣತೈತ್ರಿ. ಇಲ್ಲ ಅನ್ನೂದಿಲ್ಲ ನಾ. ಥಳಿನ ಅದು." ಕನ್ನಡಕ ಕೆಳಗಿಳಿಸಿದರು. "ಆದ್ರ ನೀರ ಎಲ್ಲಿ ತನಕ ಬಿದ್ದೈತಿ ಅಲ್ಲಿ ತನಕ ಅವರ ಜಾಗಾ ಅಂತ ನಾ ಬರದ್ನಿ ಅಂದ್ರ, ನಾಳಿಂದ ಊರಾಗಿನ ಹೆಂಗಸೂರೆಲ್ಲಾ ಕೊಡಾ ಹಿಡ್ಕೊಂಡ ನಿಂದರ್ತಾರ. ಹೌದಿಲ್ರಿ?"

ನಾನು ಅದಕ್ಕೆ ಹೌದು ಅಂದೆನೋ, ಸುಮ್ಮನೆ ತಲೆಯಾಡಿಸಿದೆನೋ. ತಪ್ಪು ಹುಡುಕಬೇಕೆಂದರೂ ಆ ಮಾತಿನಲ್ಲಿ ತಪ್ಪು ಇರಲಿಲ್ಲ.

"ಒಂದ ದಾರಿ ಐತಿ," ಅಂದರು. "ಬಾಜೂದವರು ಒಪ್ಪಿ, ಗಡಿ ಇಲ್ಲೇ ಐತಿ ಅಂತ ಹೇಳಿಕಿ ಕೊಟ್ರ ಈಗಿಂದೀಗ ತಿದ್ದಿಬಿಡೋಣ." ಕಾಕಾನ ಕಡೆ ನೋಡಿದರು. ಎಲ್ಲರೂ ನೋಡಿದೆವು.

ಕಾಕಾ ಇನ್ನೂ ಎಮ್ಮೆಯನ್ನೇ ನೋಡುತ್ತಿದ್ದ. ತಲೆ ಎತ್ತಿದಾಗ ಅವನ ಮುಖದಲ್ಲಿ ಕಪಟ ಇರಲಿಲ್ಲ. ಇತ್ತು ಎಂದು ಬರೆದರೆ ನನಗೆ ಸುಲಭವಾಗುತ್ತಿತ್ತು.

"ನಾ ಏನ್ ಬೇಕಂತ ಕೇಳಿದ್ನೇನ್ರಿ ಸಾಹೇಬ್ರ? ನಾ ಕೇಳಿಲ್ಲ. ಮ್ಯಾಲಿಂದ ನೋಡಿ ಅವರ ಕೊಟ್ಟಾರ. ತಾನಾ ಬಂದದ್ದನ್ನ ಒಲ್ಲೆ ಅಂದ್ರ ನಾಳಿ ಮಕ್ಕಳ ನನಗೇನಂತಾವು?"

"ಹಂಗಾರ ಆವತ್ತ ಕಾಲಿಲೇ ಗೀರಿ ತೋರ್ಸಿದ್ಯಲ್ಲೋ, ಸುಣ್ಣ ಹಾಕುವಾಗ?" ಅಂದಳು ದೊಡ್ಡವ್ವ.

"ತೋರ್ಸೇನಿ ಅತ್ತಿಗಿ. ಎಲ್ಲಿ ತೋರ್ಸೇನಿ ಅಂತ ಈಗ ಹೆಂಗ ಹೇಳ್ಲಿ? ಸುಣ್ಣಾನ ನೀ ಅಳಿಸಿಬಿಟ್ಟಿ."

ಸಾಹೇಬರು ತಕರಾರಿನ ಕಾಗದ ಮಡಚಿ ಇಟ್ಟರು. ಬೈಕಿನಲ್ಲಿ ಮೂವರೂ ಒಟ್ಟಿಗೇ ಊರಿಗೆ ಹೋದರು. ಕಾಕಾ ಮುಂದೆ, ನಡುವೆ ವೈನಿ, ಹಿಂದೆ ಒಂದು ಕಡೆಗೆ ಕಾಲು ಹಾಕಿ ದೊಡ್ಡವ್ವ. ತಿರುವಿನಲ್ಲಿ ಅವಳು ಬೀಳದಿರಲು ಎರಡೂ ಕೈ ಚಾಚಿ ಮೈದುನನ ಅಂಗಿಯನ್ನೇ ಬಿಗಿಯಾಗಿ ಹಿಡಿದಿದ್ದಳು.

ಕಾರ್ಡುಗಳು ಬಂದವು. ಗೆರೆ ಗೋಡೆಗೆ ತಾಗಿಯೇ ಇತ್ತು.

ಆಮೇಲಿನದನ್ನು ನಾನು ತುಂಡು ತುಂಡಾಗಿ ನೋಡಿದ್ದೇನೆ, ಊರಿಗೆ ಹೋದಾಗೊಮ್ಮೆ. ಕಾಕಾ ಗೋಡೆಯನ್ನೇನೂ ಕಟ್ಟಲಿಲ್ಲ. ಬುನಾದಿಯ ಕಲ್ಲುಗಳು ಪಟ್ಟಿಯಲ್ಲೇ ಬಿದ್ದಿದ್ದವು, ಈಗ ಅವನ ಜಾಗದಲ್ಲಿ. ನಿಮಗೆ ಅನುಕೂಲ ಆದಾಗ ತಗೊಂಡು ಹೋಗ್ರಿ, ಅವಸರ ಇಲ್ಲ ಅಂದನಂತೆ. ಒಂದು ಸಲ ಹೋದಾಗ ಅವನು ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಆ ಪಟ್ಟಿಯಲ್ಲಿ ತನ್ನ ಅಪ್ಪ ಎತ್ತು ಕಟ್ಟುತ್ತಿದ್ದ ಎಂದು ಹೇಳಿದ. ಬಿಳಿ ಎತ್ತು, ಒಂದರ ಕೋಡು ಮುರಿದಿತ್ತು. "ಮೊದಲಿಂದ್ಲೂ ನಮ್ದ ಇತ್ತದು. ಅತ್ತಿಗೀಗೆ ಹಂಗ ಬಳಸಾಕ ಬಿಟ್ಟಿದ್ವಿ." ಅವನು ಸುಳ್ಳು ಹೇಳುತ್ತಿರಲಿಲ್ಲ. ಹೇಳುತ್ತ ಹೇಳುತ್ತ ಅವನಿಗೆ ಎತ್ತು ಕಾಣಿಸುತ್ತಿತ್ತು.

ಕಷ್ಟ ಅದಲ್ಲ. ಆ ದಿನದಿಂದ ನನಗೂ ಆ ಎತ್ತು ನೆನಪಿದೆ. ಶಾಲೆಯ ಸೂಟಿಯಲ್ಲಿ ಆ ಊರಿಗೆ ಹೋಗುತ್ತಿದ್ದ ದಿನಗಳಲ್ಲಿ, ಆ ಪಟ್ಟಿಯಲ್ಲಿ, ಮುರಿದ ಕೋಡಿನ ಬಿಳಿ ಎತ್ತು ನನ್ನ ಕೈ ನೆಕ್ಕಿದ್ದು. ನೆಕ್ಕಿತ್ತೇ? ನಾಲಿಗೆಯ ಒರಟು ಕೂಡ ನೆನಪಿದೆ. ಹಿಂದೆ ಎಂದೂ ಇರದ ನೆನಪು ಅದು. ಎಲ್ಲಿಂದಲೋ ಬಂದು ಹೊಲಿಗೆ ಹಾಕಿಸಿಕೊಂಡು, ಅಂಚು ಎಲ್ಲಿದೆ ಎಂದು ನನಗೇ ಸಿಗದ ಹಾಗೆ ಕೂತಿದೆ.

ಈ ಸಲ ಹೋದಾಗ ಬೆಳಿಗ್ಗೆ ಥಳಿಯ ಸಪ್ಪಳಕ್ಕೆ ಎಚ್ಚರವಾಯಿತು. ಎದ್ದು ಬಾಗಿಲಿಗೆ ಬಂದೆ. ದೊಡ್ಡವ್ವ ಬಕೀಟು ಹಿಡಿದು ಬಾಗಿಲ ಮುಂದೆ ಹೊಡೆದಳು, ಮೂಲೆಯ ತನಕ ಬಂದಳು, ಗೋಡೆ ಮುಗಿದಲ್ಲಿ ನಿಂತಳು. ಪಟ್ಟಿಗೆ ತಿರುಗಲಿಲ್ಲ. ಆಚೆ ಮನೆಯಿಂದ ಕಾಕಿಯೂ ಬಂದು ತನ್ನ ಅಂಗಳಕ್ಕೆ ಹೊಡೆದಳು. ಅವಳ ಕೈ ಯಾವತ್ತಿನಂತೆ ಹಳೆಯ ಗಡಿಯ ಹತ್ತಿರ ನಿಂತಿತು. ಅದರಾಚೆಗೆ ಅವಳಿಗೆ ರೂಢಿ ಇಲ್ಲ. ನಡುವೆ ಪಟ್ಟಿ ಕಸ ತುಂಬಿಕೊಂಡು ಒಣಗಿ ಬಿದ್ದಿತ್ತು, ಬುನಾದಿಯ ಕಲ್ಲುಗಳ ಸಂದಿಯಲ್ಲಿ ಹುಲ್ಲು ಬೆಳೆದಿತ್ತು. ಗೊತ್ತಿಲ್ಲದವರು ನೋಡಿದರೆ ಅಲ್ಲೊಂದು ಸಾವಾದ ಮನೆ ಇದೆ ಎಂದುಕೊಳ್ಳಬೇಕು.

ಕಾಕಿ ಒಳಗೆ ಹೋಗಲಿ ಎಂದು ಕಾದೆ. ಆಮೇಲೆ ಕೇಳಿದೆ, "ದೊಡ್ಡವ್ವಾ, ಸುಣ್ಣ ಎಲ್ಲಿ ಹಾಕಿದ್ರು?"

"ಎಲ್ಲಿ ಅಂದ್ರ? ಇಲ್ಲೇ." ಪಟ್ಟಿಗೆ ಇಳಿದು ಒಂದು ಕಡೆ ಕಾಲಿಟ್ಟಳು. "ಇಲ್ಲಿಂದ ಹಿಂಗ..." ಕಾಲು ತೆಗೆದಳು. ಒಂದು ಹೆಜ್ಜೆ ಹಿಂದೆ ಬಂದಳು. "ಅಲ್ಲ, ತಡಿ. ಕಲ್ಲ ಇಳಿಸಿದ ಮ್ಯಾಲ ಗೊತ್ತಾಗವಲ್ದು." ಬಕೀಟಿನಲ್ಲಿ ಕೈ ಅದ್ದಿದಳು, ಕೈ ಎತ್ತಿದಳು. ಕಣ್ಣು ಮುಚ್ಚಿಕೊಂಡಳು. ಕೈಗೆ ಬಿಟ್ಟರೆ ಕೈಯಾದರೂ ಹೇಳೀತು ಎಂದು ಅವಳಿಗೆ ಅನ್ನಿಸಿತ್ತೋ ಏನೋ. ನೀರು ಬೆರಳಿನಿಂದ ಇಳಿದು ಮೊಣಕೈಗೆ ಬಂತು. ಕೈ ಚಿಮ್ಮಲಿಲ್ಲ.

"ನಿನ್ನ ಫೋಟೋದಾಗ ಐತೆಲ್ಲೋ. ನೋಡಿ ಹೇಳು."

ಆ ಹಾರ್ಡ್ ಡಿಸ್ಕನ್ನು ಅಳಿಸಿ ಬೇರೆ ಊರಿನ ಚಿತ್ರ ತುಂಬಿದ್ದೇವೆ. ಡಿಸ್ಕುಗಳು ಸಾಲದಾಗ ಹಾಗೇ ಮಾಡುವುದು. ನಮಗಿಂತ ಮೇಲಿನ ಕಚೇರಿಯಲ್ಲಿ ಒಂದು ಪ್ರತಿ ಇರಬಹುದು, ನನ್ನಂಥವನು ಹೋಗಿ ಕೇಳುವ ಜಾಗ ಅದಲ್ಲ. ನನ್ನ ಹತ್ತಿರ ಉಳಿದಿರುವುದು ನೀರಿನ ಅಂಚು ಕಂಡ ದಿನ ಪರದೆಗೆ ಮೊಬೈಲು ಹಿಡಿದು ತೆಗೆದುಕೊಂಡ ಒಂದು ಫೋಟೋ. ಅದನ್ನೇ ತೆಗೆದು ತೋರಿಸಿದೆ. ದೊಡ್ಡವ್ವ ಒದ್ದೆ ಕೈಯನ್ನು ಸೀರೆಗೆ ಒರೆಸಿ ಮೊಬೈಲು ಹಿಡಿದಳು. ನಾನು ಎರಡು ಬೆರಳಿಟ್ಟು ದೊಡ್ಡದು ಮಾಡಿದೆ. ರಂಗೋಲಿ ಬಿಳಿ ಕಲೆಯಾಯಿತು. ಇನ್ನೂ ದೊಡ್ಡದು ಮಾಡಿದೆ. ಕಂದು ಚೌಕ, ಪಕ್ಕದಲ್ಲಿ ಕಂದು ಚೌಕ, ಅದರ ಪಕ್ಕದಲ್ಲಿ ಇನ್ನೊಂದು ಕಂದು.

"ಇದ್ರಾಗ ನನ್ನ ಅಂಗಳ ಯಾವುದೋ?"

ನಾನು ಬೆರಳಿಟ್ಟೆ. ಬೆರಳಿಟ್ಟ ಕಡೆ ಬೆರಳೇ ಕಂಡಿತು.

ಒಳಗಿನಿಂದ ವೈನಿ ಹಂಚು ಕಾದಿದೆ ಎಂದು ಕರೆದಳು. ಕರೆಯುತ್ತ ಕೆಮ್ಮಿದಳು. ದೊಡ್ಡವ್ವ ಮೊಬೈಲು ನನ್ನ ಕೈಗೆ ಕೊಟ್ಟು, ಬಕೀಟಿನಲ್ಲಿ ಉಳಿದಿದ್ದ ನೀರನ್ನು ತನ್ನ ಗೋಡೆಯ ಬುಡಕ್ಕೆ, ಗೋಡೆಗೆ ಆದಷ್ಟೂ ಹತ್ತಿರಕ್ಕೆ ಸುರಿದು ಒಳಗೆ ಹೋದಳು.